ಎರಡು ರಾಶಿ, ಒಂದೇ ಕಣ: ಬೆಂಗಳೂರು ಮುಗಿಯುವುದೆಲ್ಲಿ, ಹೊಸೂರು ಶುರುವಾಗುವುದೆಲ್ಲಿ?

ಸಿಲ್ಕ್ ಬೋರ್ಡ್ ಹತ್ತಿರ ಅತ್ತಿಬೆಲೆ ಬಸ್ ಹತ್ತಿ. ಕಿಟಕಿ ಪಕ್ಕ ಸೀಟು ಸಿಕ್ಕರೆ ಒಂದು ಆಟ ಆಡಬಹುದು. ಬೆಂಗಳೂರು ಎಲ್ಲಿ ಮುಗಿಯಿತು ಅಂತ ಹೇಳಬೇಕು, ಅಷ್ಟೇ. ಬೊಮ್ಮನಹಳ್ಳಿ ಬಂತು, ಇನ್ನೂ ಊರೇ. ಕೂಡ್ಲು ಗೇಟ್, ಸಿಂಗಸಂದ್ರ, ಎಲೆಕ್ಟ್ರಾನಿಕ್ ಸಿಟಿ, ಎಲ್ಲವೂ ಊರೇ. ಹೆಬ್ಬಗೋಡಿ ದಾಟಿದ ಮೇಲೆ ಮುಗಿಯಬಹುದು ಅಂದುಕೊಂಡರೆ ಬೊಮ್ಮಸಂದ್ರದ ಕಾರ್ಖಾನೆಗಳು. ಅದಾದ ಮೇಲೆ ಚಂದಾಪುರದ ಗಿಜಿಗಿಜಿ. ಆಮೇಲೆ ಒಂದೆರಡು ಕಡೆ ತೆಂಗಿನ ತೋಟ, ಒಂದು ತುಂಡು ರಾಗಿ ಹೊಲ, ಅದರ ಅಂಚಿಗೇ 'ಸೈಟುಗಳು ಮಾರಾಟಕ್ಕಿವೆ' ಅನ್ನುವ ಫಲಕ. ಇಲ್ಲೇ ಮುಗಿಯಿತು ಅನ್ನುವಷ್ಟರಲ್ಲಿ ಅತ್ತಿಬೆಲೆಯ ಅಂಗಡಿ ಸಾಲು ಶುರು.

ಈ ಆಟದಲ್ಲಿ ನಾನು ಪ್ರತಿ ಸಲವೂ ಸೋತಿದ್ದೇನೆ.

ಅತ್ತಿಬೆಲೆಯಲ್ಲಿ ಇಳಿದು ಸ್ವಲ್ಪ ಮುಂದೆ ನಡೆದರೆ ರಾಜ್ಯದ ಗಡಿ. ಅಂಗಡಿ ಫಲಕಗಳ ಲಿಪಿ ಬದಲಾಗುತ್ತದೆ. ಗಾಡಿಗಳ ನಂಬರಿನಲ್ಲಿ ಕೆಎ-51 ಕಡಿಮೆಯಾಗಿ ಟಿಎನ್-70 ಜಾಸ್ತಿಯಾಗುತ್ತದೆ. ಊರಿನ ಹೆಸರು ಜೂಜುವಾಡಿ. ಆದರೆ ಕಟ್ಟಡಗಳ ಸಾಲು ನಿಲ್ಲುವುದಿಲ್ಲ, ಕಾರ್ಖಾನೆ ಗೋಡೆಗಳು ನಿಲ್ಲುವುದಿಲ್ಲ. ಹಾಗೇ ಹೋದರೆ ಹೊಸೂರು. ಹೆಸರೇ ನೋಡಿ, ಅಚ್ಚ ಕನ್ನಡದ 'ಹೊಸ ಊರು'. ತಮಿಳು ಫಲಕದಲ್ಲಿ ಅದು 'ಓಸೂರ್'. ಅಲ್ಲಿನ ಹಳಬರು ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಮಾತಿನಲ್ಲಿ ಕಲಸಿ ಆಡುತ್ತಾರೆ.

ಹಾಗಾದರೆ ಇವು ಎರಡು ಊರೋ, ಒಂದು ಊರೋ? ಪ್ರಶ್ನೆ ಸುಲಭ ಅನಿಸುತ್ತದೆ. ಉತ್ತರ ಮಾತ್ರ ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲಿದೆ.

ಪಕ್ಕಪಕ್ಕದ ನಗರಗಳು ಬೆಳೆದು ಒಂದಕ್ಕೊಂದು ಬೆರೆಯುವುದಕ್ಕೆ 'ಕೊನರ್ಬೇಷನ್' ಅನ್ನುವ ಪದ ಕೊಟ್ಟವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್, 1915ರಲ್ಲಿ. ಮನುಷ್ಯ ಮೂಲತಃ ಜೀವಶಾಸ್ತ್ರಜ್ಞ. ಊರುಗಳನ್ನು ನಕ್ಷೆಯ ಗೆರೆಗಳಂತೆ ನೋಡದೆ, ಬೆಳೆಯುವ ಜೀವಿಯಂತೆ ನೋಡಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಭಾರತಕ್ಕೂ ಬಂದು ಹಲವು ಊರುಗಳನ್ನು ಸುತ್ತಿ ವರದಿ ಬರೆದರು. 1919ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರೂ ಆದರು. ಕನ್ನಡದಲ್ಲಿ ನಾವು 'ಅವಳಿ ನಗರ' ಅನ್ನುತ್ತೇವೆ. ನನಗೆ ಅದು ಪೂರ್ತಿ ಒಪ್ಪುವುದಿಲ್ಲ. ಅವಳಿ ಮಕ್ಕಳು ಒಟ್ಟಿಗೆ ಹುಟ್ಟಿದವರು. ಈ ಊರುಗಳು ಬೇರೆ ಬೇರೆ ಹುಟ್ಟಿ, ಬೇರೆ ಬೇರೆ ಬೆಳೆದು, ಆಮೇಲೆ ಅಂಟಿಕೊಂಡವು. ಸದ್ಯಕ್ಕೆ 'ಕೂಡುನಗರ' ಅನ್ನೋಣ.

ಇಲ್ಲಿ ಒಂದು ವ್ಯತ್ಯಾಸ ಮುಖ್ಯ. ದೊಡ್ಡ ಊರು ಪಕ್ಕದ ಸಣ್ಣ ಊರನ್ನು ನುಂಗುವುದು ಬೇರೆ, ಎರಡು ಊರು ಕೂಡುವುದು ಬೇರೆ. ಕೆಂಗೇರಿ, ಯಲಹಂಕಗಳನ್ನು ಬೆಂಗಳೂರು ನುಂಗಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆದಾಗ ಕಾಗದದ ಮೇಲೂ ಅದು ಮುಗಿದ ಕತೆ. ಹೊಸೂರು ಹಾಗಲ್ಲ. ಅದಕ್ಕೆ ಅದರದೇ ಹೊಟ್ಟೆಪಾಡಿದೆ. ಬೆಳಿಗ್ಗೆ ಹೊಸೂರಿನಿಂದ ಬೆಂಗಳೂರಿಗೆ ಬರುವವರು ಇರುವ ಹಾಗೆಯೇ, ಬೆಂಗಳೂರಿನ ಕಡೆಯಿಂದ ಹೊಸೂರಿನ ಕಾರ್ಖಾನೆಗಳಿಗೆ ಹೋಗುವವರೂ ಇದ್ದಾರೆ. ಎರಡು ದಿಕ್ಕಿಗೂ ಕಂಪನಿ ಬಸ್ಸು ಓಡುವ ರಸ್ತೆ ಅದು.

ನಮ್ಮ ಕಡೆ ಕಣದಲ್ಲಿ ರಾಗಿ ತೂರಿ ರಾಶಿ ಮಾಡುತ್ತಿದ್ದುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ವಲ್ಪ ದೂರ ಬಿಟ್ಟು ಎರಡು ರಾಶಿ ಹಾಕುತ್ತಾ ಹೋಗಿ. ಮೊದಲು ನಡುವೆ ಬರೀ ನೆಲ ಕಾಣುತ್ತದೆ. ಸುರಿಯುತ್ತಾ ಹೋದ ಹಾಗೆ ಎರಡರ ಅಂಚೂ ಹರಡಿ ಬುಡ ಮುಟ್ಟುತ್ತದೆ. ಇನ್ನೂ ಸುರಿದರೆ ನಡುವಿನ ತಗ್ಗು ತುಂಬುತ್ತಾ ಮೇಲೇಳುತ್ತದೆ. ತುದಿ ಎರಡೇ, ಬುಡ ಒಂದೇ. ನಡುವೆ ಬಿದ್ದ ಕಾಳು ಯಾವ ರಾಶಿಯದು ಅಂತ ಹೇಳುವುದು ಹೇಗೆ?

ಊರಿನ ವಿಷಯದಲ್ಲಿ ಕಾಳಿನ ಬದಲು ಬಾಡಿಗೆ ಇಟ್ಟು ನೋಡಿ. ಸಾಮಾನ್ಯವಾಗಿ ಊರಿನ ನಡುವಿನಿಂದ ಹೊರಗೆ ಹೋದ ಹಾಗೆ ಬಾಡಿಗೆ ಇಳಿಯುತ್ತದೆ. ಪಕ್ಕದ ಊರು ಹತ್ತಿರ ಬಂದ ಹಾಗೆ ಮತ್ತೆ ಏರುತ್ತದೆ. ನಡುವೆ ಒಂದು ತಗ್ಗು ಇರುತ್ತದೆ. ಎರಡು ಊರು ನಿಜಕ್ಕೂ ದೂರ ಇದ್ದರೆ ಆ ತಗ್ಗಿನಲ್ಲಿ ಮನೆಗೆ ಬೆಲೆಯೇ ಇಲ್ಲ, ಹೊಲಕ್ಕಷ್ಟೇ ಬೆಲೆ. ಕೂಡುತ್ತಾ ಬಂದ ಹಾಗೆ ತಗ್ಗು ತುಂಬುತ್ತದೆ. ಯಾಕೆಂದರೆ ನಡುವೆ ಇರುವವರಿಗೆ ಎರಡೂ ಕಡೆ ಕೆಲಸ ಹುಡುಕುವ ಅನುಕೂಲ ಇದೆ. ಹೀಗಾಗಿ ಒಂದು ಕಾಲದಲ್ಲಿ 'ಅಷ್ಟು ದೂರವಾ?' ಅನ್ನಿಸುತ್ತಿದ್ದ ಚಂದಾಪುರ, ಈಗ ಎರಡು ಸಂಬಳದ ಮನೆಗಳಿಗೆ ಹೇಳಿಮಾಡಿಸಿದ ಜಾಗ.

ನನಗೆ ಪರಿಚಯದ ಒಂದು ಮನೆ ಹಾಗೇ ಇದೆ. ಗಂಡನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹೆಂಡತಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಲೆಕ್ಕಪತ್ರದ ಕೆಲಸ. "ನೀವು ಬೆಂಗಳೂರಿನವರೋ, ಹೊಸೂರಿನವರೋ?" ಅಂತ ಕೇಳಿದ್ದಕ್ಕೆ ಆಕೆ ನಕ್ಕು, "ಮಲಗೋದು ಚಂದಾಪುರದಲ್ಲಿ ಸಾರ್, ಉಳಿದಿದ್ದೆಲ್ಲ ರೋಡಲ್ಲಿ" ಅಂದರು. ಸಂಕ್ರಾಂತಿಗೆ ಆಕೆಗೆ ಒಂದೇ ದಿನ ರಜೆ. ಆತನಿಗೆ ಪೊಂಗಲ್ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿ. ರಾಜ್ಯೋತ್ಸವಕ್ಕೆ ಆಕೆ ಮನೆಯಲ್ಲಿ, ಆತ ಕೆಲಸದಲ್ಲಿ. ಎಳ್ಳು ಬೀರುವುದಕ್ಕೆ ಜೊತೆಯಲ್ಲಿ ಹೋಗಬೇಕೆಂದರೆ ಎರಡು ರಾಜ್ಯದ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಬೇಕು.

ಈ ಎರಡು ರಾಶಿಗೂ ಕಾಳು ಸುರಿದವರು ಯಾರು? ಎರಡೂ ಸರ್ಕಾರಗಳೇ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. 1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಸಿಪ್ಕಾಟ್ ಸಂಸ್ಥೆ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶ ಮಾಡಿತು. ಲೆಕ್ಕ ಜಾಣತನದ್ದು. ಹೊಸೂರು ಚೆನ್ನೈಗೆ 300 ಕಿಲೋಮೀಟರಿಗೂ ದೂರ, ಬೆಂಗಳೂರಿಗೆ ಸುಮಾರು 40. ಅಂದರೆ ತಮಿಳುನಾಡಿನ ರಿಯಾಯಿತಿ, ಬೆಂಗಳೂರಿನ ಹವೆ, ಬೆಂಗಳೂರಿನ ನುರಿತ ಕೆಲಸಗಾರರು, ಮೂರೂ ಒಂದೇ ಕಡೆ. 1980ರಲ್ಲಿ ಟಿವಿಎಸ್ 50 ಮೊಪೆಡ್ ಅಲ್ಲಿಂದಲೇ ಹೊರಬಂತು. ಅಶೋಕ್ ಲೇಲ್ಯಾಂಡ್ ಬಂತು. ಆ ದಶಕ ಮುಗಿಯುವುದರೊಳಗೆ ಟೈಟನ್ ಕೈಗಡಿಯಾರದ ಕಾರ್ಖಾನೆಯೂ ಬಂತು. ಈಚೆ ಕಡೆ, ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ, ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ ಅವರ ಕನಸಿನಂತೆ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದ್ದೂ 1970ರ ದಶಕದ ಕೊನೆಗೆ.

ಟೈಟನ್ ಕತೆಯಲ್ಲಿ ಕೂಡುನಗರದ ರೂಪ ಚೆನ್ನಾಗಿ ಕಾಣುತ್ತದೆ. ಅದು ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಸಂಸ್ಥೆ ಟಿಡ್ಕೋ ಸೇರಿ ಕಟ್ಟಿದ ಕಂಪನಿ. ಗಡಿಯಾರ ತಯಾರಾಗುವುದು ಹೊಸೂರಿನಲ್ಲಿ. ಮುಖ್ಯ ಕಚೇರಿ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅದೇ ಹೊಸೂರು ರಸ್ತೆ, ಗಡಿಯ ಆಚೆ ಒಂದು ಕೈ, ಈಚೆ ಒಂದು ಕೈ.

ಕೆಲಸ ಇದ್ದ ಮಾತ್ರಕ್ಕೆ ಊರು ಕೂಡುವುದಿಲ್ಲ. ಹೋಗಿಬರಲು ಆಗಬೇಕು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಸರಳ ಮಾತು ಮುಂದಿಟ್ಟರು: ಮನುಷ್ಯ ದಿನಕ್ಕೆ ಸರಾಸರಿ ಒಂದು ಗಂಟೆ ಓಡಾಟಕ್ಕೆ ಕೊಡುತ್ತಾನೆ, ಕಾಲ ಯಾವುದಾದರೂ ಅಷ್ಟೇ. ನಡೆದು ಹೋಗುವ ಕಾಲದಲ್ಲಿ ಆ ಒಂದು ಗಂಟೆಗೆ ಸಿಗುತ್ತಿದ್ದದ್ದು ಕೆಲವೇ ಕಿಲೋಮೀಟರ್, ಊರೂ ಅಷ್ಟೇ ಅಗಲ. ಟ್ರಾಮ್ ಬಂತು, ಊರು ಹಿಗ್ಗಿತು. ಬೈಕು, ಕಾರು ಬಂದವು, ಇನ್ನೂ ಹಿಗ್ಗಿತು. ವೇಗ ಜಾಸ್ತಿಯಾದರೆ ಜನ ಸಮಯ ಉಳಿಸುವುದಿಲ್ಲ, ದೂರ ಹೋಗಿ ಮನೆ ಮಾಡುತ್ತಾರೆ. (ಒಂದು ಗಂಟೆ ಅಂದಾಗ ಬೆಂಗಳೂರಿನವರು ನಗುವುದು ಸಹಜ. ಮಾರ್ಕೆಟ್ಟಿ ಸಿಲ್ಕ್ ಬೋರ್ಡ್ ನೋಡಿರಲಿಲ್ಲ ಅಂತ ಕಾಣುತ್ತದೆ.)

ಹೊಸೂರು ರಸ್ತೆಯಲ್ಲಿ ಆ ಹಿಗ್ಗು ಕಣ್ಣಿಗೇ ಕಾಣುತ್ತದೆ. 2010ರಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಸುಮಾರು 10 ಕಿಲೋಮೀಟರ್ ಮೇಲ್ಸೇತುವೆ ರಸ್ತೆ ತೆರೆಯಿತು. ಕಟ್ಟಿದ್ದು ಎಲೆಕ್ಟ್ರಾನಿಕ್ ಸಿಟಿಗೆ ಬೇಗ ಮುಟ್ಟಲಿ ಅಂತ. ಆದರೆ ಸೇತುವೆ ಇಳಿದ ಜಾಗದಿಂದ ಮುಂದಕ್ಕೂ ಊರು ಹತ್ತಿರವಾಯಿತು. ಚಂದಾಪುರ, ಅತ್ತಿಬೆಲೆ ಕಡೆ ಲೇಔಟುಗಳು ಎದ್ದವು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ಹಳದಿ ಮಾರ್ಗ ಬಂತು, 19 ಕಿಲೋಮೀಟರ್, 16 ನಿಲ್ದಾಣ. ಹೊಸೂರಿನಲ್ಲಿ ಮನೆ ಮಾಡಿದವರಿಗೆ ಬೊಮ್ಮಸಂದ್ರದವರೆಗೆ ಬೈಕಿನಲ್ಲಿ ಬಂದರೆ ಆಯ್ತು, ಜಯನಗರ ದೂರವಲ್ಲ.

ಸರಿ, ಇಷ್ಟೆಲ್ಲ ಕೂಡಿದ ಮೇಲೆ ಸರ್ಕಾರದ ಲೆಕ್ಕ ಏನು ಹೇಳುತ್ತದೆ?

ಭಾರತದ ಜನಗಣತಿಗೆ 'ನಗರ ಸಮೂಹ' ಅನ್ನುವ ಲೆಕ್ಕ ಇದೆ. ಒಂದು ಪಟ್ಟಣ, ಅದಕ್ಕೆ ಅಂಟಿಕೊಂಡು ಬೆಳೆದ ಜಾಗಗಳು, ಪಕ್ಕದ ಪಟ್ಟಣಗಳು, ಎಲ್ಲ ಎಡೆಬಿಡದೆ ಹರಡಿದ್ದರೆ ಒಂದು ಸಮೂಹ. ಅಂದರೆ ನೋಡುವುದು ಕಟ್ಟಡ ಮುಟ್ಟಿದೆಯಾ ಅಂತ. ಜನ ಎಲ್ಲಿಂದ ಎಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ ಅನ್ನುವುದು ಇದರಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ ತಲೆಕೆಳಗು. ಅಲ್ಲಿ ಮುಖ್ಯ ನಗರದ ಪಕ್ಕದ ಜಿಲ್ಲೆಯ, ಅವರ ಲೆಕ್ಕದಲ್ಲಿ ಕೌಂಟಿಯ, ದುಡಿಯುವವರಲ್ಲಿ ಕನಿಷ್ಠ ಶೇ 25ರಷ್ಟು ಜನ ಮುಖ್ಯ ನಗರದ ಕಡೆ ಕೆಲಸಕ್ಕೆ ಹೋದರೆ ಆ ಜಿಲ್ಲೆಯೂ ಮಹಾನಗರ ಪ್ರದೇಶಕ್ಕೆ ಸೇರುತ್ತದೆ. ನಡುವೆ ಕಾಡು ಇರಲಿ, ಜೋಳದ ಹೊಲ ಇರಲಿ, ಪರವಾಗಿಲ್ಲ. ಇಂಥ ಎರಡು ಮಹಾನಗರ ಪ್ರದೇಶಗಳ ನಡುವೆ ಓಡಾಟ ಸಾಕಷ್ಟಿದ್ದರೆ ಎರಡನ್ನೂ ಸೇರಿಸಿ ಮತ್ತೊಂದು ದೊಡ್ಡ ಲೆಕ್ಕ. ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ಹಾಗೆ ಸೇರಿವೆ. ನಡುವೆ ಸುಮಾರು 60 ಕಿಲೋಮೀಟರ್. ಆ ನಡುವಿನಲ್ಲೇ 1967ರಲ್ಲಿ ಜೇಮ್ಸ್ ರೌಸ್ ಅನ್ನುವ ಉದ್ಯಮಿ ಕೊಲಂಬಿಯಾ ಅಂತ ಹೊಸ ಊರೇ ಕಟ್ಟಿದರು. ಬಾಲ್ಟಿಮೋರಿನ ವಿಮಾನ ನಿಲ್ದಾಣಕ್ಕೆ 1973ರಲ್ಲಿ 'ಬಾಲ್ಟಿಮೋರ್-ವಾಷಿಂಗ್ಟನ್' ಅಂತ ಎರಡೂ ಊರಿನ ಹೆಸರು ಬಂತು.

ಯಾವುದು ಸರಿ? ನನ್ನ ಪ್ರಕಾರ ಓಡಾಟದ ಲೆಕ್ಕವೇ ಊರಿನ ಸತ್ಯಕ್ಕೆ ಹತ್ತಿರ. ಗೋಡೆಗೆ ಗೋಡೆ ತಾಗಿದ್ದರೂ ಎರಡು ಊರಿನವರು ಒಬ್ಬರ ಮುಖ ಒಬ್ಬರು ನೋಡದೆ ಇರಬಹುದು. ನಡುವೆ ರಾಗಿ ಹೊಲ ಇದ್ದರೂ ಒಂದೇ ಮನೆಯ ಇಬ್ಬರು ಎರಡು ಊರಿನಲ್ಲಿ ದುಡಿಯಬಹುದು.

ನಮ್ಮ ಲೆಕ್ಕದಲ್ಲಿ ಇನ್ನೊಂದು ತೊಡಕು ಇದೆ. ನಗರ ಸಮೂಹ ರಾಜ್ಯದ ಗಡಿ ದಾಟುವುದಿಲ್ಲ. ಮುಂಬೈ ನೋಡಿ. ಥಾಣೆ, ಕಲ್ಯಾಣ್, ನವಿ ಮುಂಬೈ ಎಲ್ಲವೂ ಮಹಾರಾಷ್ಟ್ರದಲ್ಲೇ ಇರುವುದರಿಂದ 2011ರಲ್ಲಿ ಒಟ್ಟು ಸಮೂಹ 1.84 ಕೋಟಿ ಅಂತ ಲೆಕ್ಕ ಸಿಕ್ಕಿತು, ಪಾಲಿಕೆಯ ಜನಸಂಖ್ಯೆ 1.24 ಕೋಟಿ ಮಾತ್ರ. ದೆಹಲಿಗೆ ಆ ಭಾಗ್ಯ ಇಲ್ಲ. ಗುರುಗ್ರಾಮ, ಫರೀದಾಬಾದ್, ನೋಯ್ಡಾ, ಗಾಜಿಯಾಬಾದ್ ಸೇರಿ ಅದೇ ವರ್ಷ 50 ಲಕ್ಷಕ್ಕೂ ಹೆಚ್ಚು ಜನ. ಮೆಟ್ರೋದಲ್ಲಿ ಕೂತರೆ ಎಲ್ಲಿ ಗಡಿ ದಾಟಿದಿರಿ ಅಂತ ಗೊತ್ತೂ ಆಗುವುದಿಲ್ಲ. ಆದರೆ ದೆಹಲಿ ಸಮೂಹದ ಲೆಕ್ಕದಲ್ಲಿ ಅವರು ಯಾರೂ ಇಲ್ಲ. ಅದೇ ಜನಗಣತಿಯಲ್ಲಿ ಬೆಂಗಳೂರು ಸಮೂಹ ಸುಮಾರು 85 ಲಕ್ಷ. ಹೊಸೂರು ಅದರಲ್ಲಿ ಇಲ್ಲ, ಇರುವಂತೆಯೂ ಇಲ್ಲ.

ಸಂವಿಧಾನದಲ್ಲೂ ಇದೇ ಗೆರೆ. 1992ರ 74ನೇ ತಿದ್ದುಪಡಿ ಮಹಾನಗರ ಪ್ರದೇಶ ಅಂದರೆ ಏನು ಅಂತ ಹೇಳುತ್ತದೆ: 10 ಲಕ್ಷ ಅಥವಾ ಹೆಚ್ಚು ಜನ, ಒಂದು ಅಥವಾ ಹಲವು ಜಿಲ್ಲೆ, ಎರಡು ಅಥವಾ ಹೆಚ್ಚು ಪಾಲಿಕೆ-ಪಂಚಾಯಿತಿ. ಇಷ್ಟು ಉದಾರವಾಗಿ ಹೇಳಿ, ಕೊನೆಗೆ ಅದನ್ನು ಗುರುತಿಸುವ ಅಧಿಕಾರ ರಾಜ್ಯಪಾಲರಿಗೆ ಕೊಟ್ಟಿದೆ. ಒಂದು ರಾಜ್ಯದ ರಾಜ್ಯಪಾಲರು ಪಕ್ಕದ ರಾಜ್ಯದ ಪಟ್ಟಣವನ್ನು ಗುರುತಿಸಲು ಆಗುತ್ತದೆಯೇ? ಅಲ್ಲಿಗೆ ಮುಗಿಯಿತು.

ಹಾಗಂತ ದಾರಿಯೇ ಇಲ್ಲ ಎಂದಲ್ಲ. 1985ರಲ್ಲಿ ಎರಡು ಕಾಯ್ದೆ ಬಂದವು. ಒಂದು ದೆಹಲಿ ಸುತ್ತಲಿನ ರಾಷ್ಟ್ರ ರಾಜಧಾನಿ ಪ್ರದೇಶಕ್ಕೆ, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನ ಮೂರನ್ನೂ ಒಳಗೆ ಸೇರಿಸಿಕೊಂಡು. ಇನ್ನೊಂದು ಬೆಂಗಳೂರು ಮಹಾನಗರ ಪ್ರದೇಶಕ್ಕೆ, ನಮ್ಮ ಬಿಎಂಆರ್‌ಡಿಎ ಪ್ರಾಧಿಕಾರ ಹುಟ್ಟಿದ್ದು ಅದರಿಂದ. ಸುಮಾರು 8,000 ಚದರ ಕಿಲೋಮೀಟರ್ ಅದರ ವ್ಯಾಪ್ತಿ. ಅತ್ತಿಬೆಲೆಗೆ ಬಂದು ನಿಲ್ಲುತ್ತದೆ. ಒಂದೇ ವರ್ಷದ ಎರಡು ಕಾಯ್ದೆ, ಒಂದು ಗಡಿ ದಾಟಿತು, ಒಂದು ದಾಟಲಿಲ್ಲ. ಮೊದಲ ಕಾಯ್ದೆಯಿಂದ ಹುಟ್ಟಿದ ದೆಹಲಿಯ ಯೋಜನಾ ಮಂಡಳಿ ದೊಡ್ಡ ಪವಾಡ ಮಾಡಿತು ಅಂತ ನಾನು ಹೇಳುವುದಿಲ್ಲ. ಆದರೆ ಮೂರು ರಾಜ್ಯದವರು ಕೂತು ಮಾತಾಡಲು ಒಂದು ಮೇಜಾದರೂ ಅಲ್ಲಿದೆ. ವಾಷಿಂಗ್ಟನ್ನಿನವರಂತೂ 1967ರಲ್ಲೇ ಮೇರಿಲ್ಯಾಂಡ್, ವರ್ಜೀನಿಯಾ ಜೊತೆ ಒಪ್ಪಂದ ಮಾಡಿಕೊಂಡು ಮೂರಕ್ಕೂ ಸೇರಿ ಒಂದೇ ಸಾರಿಗೆ ಸಂಸ್ಥೆ ಕಟ್ಟಿಕೊಂಡರು. ಮೆಟ್ರೋ ರೈಲು ಓಡಿದ್ದು ಆಮೇಲೆ, 1976ರಲ್ಲಿ. ಮೊದಲು ಸಂಸ್ಥೆ, ಆಮೇಲೆ ಹಳಿ.

ಹೊಸೂರು ರಸ್ತೆಯಲ್ಲಿ ಅಂಥ ಮೇಜು ಇಲ್ಲದಿರುವುದು ಹೇಗೆ ಕಾಣುತ್ತದೆ ಗೊತ್ತಾ? ಒಂದೊಂದೇ ಸೇವೆ ಒಂದೊಂದು ಕಡೆ ನಿಂತುಬಿಡುತ್ತದೆ. ಮೆಟ್ರೋ ಬೊಮ್ಮಸಂದ್ರದಲ್ಲಿ ನಿಂತಿದೆ. ಉಪನಗರ ರೈಲಿನ ಕನಕ ಮಾರ್ಗದ ನಕ್ಷೆ ಚಂದಾಪುರದ ಪಕ್ಕದ ಹೀಲಲಿಗೆಯಲ್ಲಿ ಮುಗಿಯುತ್ತದೆ. ನಗರ ಸಾರಿಗೆಯ ಎಷ್ಟೋ ಬಸ್ಸುಗಳ ಬೋರ್ಡಿನಲ್ಲಿ ಕೊನೆಯ ಹೆಸರು ಅತ್ತಿಬೆಲೆ. ಹಳದಿ ಬೋರ್ಡಿನ ಗಾಡಿಯವರಿಗೆ ಗಡಿ ಅಂದರೆ ಪರ್ಮಿಟ್ ತಲೆನೋವು. ಒಮ್ಮೆ ನಾನು ಹೊಸೂರಿಗೆ ಅಂತ ಕಾರು ಬುಕ್ ಮಾಡಿದ್ದೆ. ಚೆಕ್‌ಪೋಸ್ಟ್‌ಗೆ ಸ್ವಲ್ಪ ಮುಂಚೆ ಡ್ರೈವರ್ ಗಾಡಿ ಪಕ್ಕಕ್ಕೆ ಹಾಕಿ, "ಇಲ್ಲೇ ಇಳ್ಕೊಳಿ ಸಾರ್, ಆ ಕಡೆ ಹೋದ್ರೆ ನಂಗೆ ದಂಡ" ಅಂದ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಡೆದೆ. ತಮಿಳುನಾಡು ತಲುಪಲು ಹಿಡಿದದ್ದು ಐದು ನಿಮಿಷ.

ಹೆಣ್ಣುಮಕ್ಕಳ ಬಸ್ ಪ್ರಯಾಣದ ಲೆಕ್ಕ ಇನ್ನೂ ಮಜಾ. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ, ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ತಮಿಳುನಾಡಿನಲ್ಲಿ 2021ರಿಂದಲೇ ಸಾಧಾರಣ ಟೌನ್ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ. ಚಂದಾಪುರದ ಹೆಂಗಸು ಅತ್ತಿಬೆಲೆವರೆಗೆ ಶಕ್ತಿಯಲ್ಲಿ ಬಂದು, ಗಡಿ ನಡೆದು ದಾಟಿ, ಆ ಕಡೆ ಟೌನ್ ಬಸ್ ಹತ್ತಿದರೆ ಇಡೀ ಪ್ರಯಾಣ ಪುಕ್ಕಟೆ. ಅದೇ ಆಧಾರ್ ವಿಳಾಸ ಹೊಸೂರಿನದಾದರೆ, ಆ ಕಡೆ ಪುಕ್ಕಟೆ, ಈ ಕಡೆ ಟಿಕೆಟ್. ಇಬ್ಬರೂ ಅಕ್ಕಪಕ್ಕದ ಮಷಿನ್‌ನಲ್ಲೇ ಹೊಲಿಗೆ ಹಾಕುವವರಾದರೂ ಲೆಕ್ಕ ಬೇರೆ ಬೇರೆ.

ಮೆಟ್ರೋ ಹೊಸೂರಿಗೆ ಎಳೆಯಬೇಕು ಅನ್ನುವ ಮಾತು ವರ್ಷಗಳಿಂದ ಇದೆ. ಚೆನ್ನೈ ಮೆಟ್ರೋ ಸಂಸ್ಥೆಯವರು ಅದರ ಸಾಧ್ಯತೆಯ ಅಧ್ಯಯನಕ್ಕೂ ಕೈಹಾಕಿದರು. ಭಾಷೆ, ರಾಜಕೀಯದ ತಕರಾರು ಬದಿಗಿಟ್ಟರೂ ಒಂದು ಬಡಪಾಯಿ ತಾಂತ್ರಿಕ ತೊಡಕು ಉಳಿಯುತ್ತದೆ. ನಮ್ಮ ಮೆಟ್ರೋಗೆ ಕರೆಂಟು ಬರುವುದು ಹಳಿ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್ ಡಿಸಿ. ಚೆನ್ನೈ ಮೆಟ್ರೋಗೆ ಬರುವುದು ಮೇಲಿನ ತಂತಿಯಿಂದ, 25,000 ವೋಲ್ಟ್ ಎಸಿ. ಎರಡು ರಾಜ್ಯ ಎರಡು ಪದ್ಧತಿ ಹಿಡಿದು ಬೆಳೆದ ಮೇಲೆ, ನಡುವೆ ಒಂದೇ ರೈಲು ಓಡಿಸುವುದು ಸುಮ್ನೆ ಹಳಿ ಜೋಡಿಸಿದಷ್ಟು ಸುಲಭವಲ್ಲ.

ವಿಮಾನ ನಿಲ್ದಾಣದ್ದೂ ಅದೇ ಜಗ್ಗಾಟ. 2024ರ ಜೂನ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಹೊಸೂರಿನಲ್ಲಿ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ವಿಮಾನ ನಿಲ್ದಾಣ ಮಾಡುತ್ತೇವೆ ಅಂದರು. ಹೊಸೂರಿನ ಜನಸಂಖ್ಯೆಗೆ 3 ಕೋಟಿ ಪ್ರಯಾಣಿಕರು ಎಲ್ಲಿಂದ ಬರಬೇಕು? ಲೆಕ್ಕ ಹಾಕಿದ್ದು ದಕ್ಷಿಣ ಬೆಂಗಳೂರಿನವರನ್ನು ನೋಡಿಯೇ. ಅವರಿಗೆ ದೇವನಹಳ್ಳಿಗೆ ಹೋಗುವುದೇ ಒಂದು ಪ್ರಯಾಣ. ಆದರೆ ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ 2033ರವರೆಗೆ 150 ಕಿಲೋಮೀಟರ್ ಒಳಗೆ ಹೊಸ ನಿಲ್ದಾಣಕ್ಕೆ ತಡೆ ಇದೆ. ಅಷ್ಟರಲ್ಲಿ ಕರ್ನಾಟಕ ಸರ್ಕಾರವೂ ಬೆಂಗಳೂರಿನ ಎರಡನೇ ನಿಲ್ದಾಣಕ್ಕೆ ಕನಕಪುರ ರಸ್ತೆ, ಕುಣಿಗಲ್ ರಸ್ತೆ ಕಡೆ ಜಾಗ ನೋಡುತ್ತಿದೆ. ಒಂದೇ ಊರಿನ ಗಿರಾಕಿಗೆ ಎರಡು ರಾಜ್ಯದ ಅಂಗಡಿ.

ಎರಡು ಊರಿನ ನಡುವಿನ ಹೊಲಿಗೆ ಬಿಟ್ಟುಕೊಂಡ ದಿನಗಳಲ್ಲಿ ಇದು ನಗೆಯ ವಿಷಯ ಆಗಿರುವುದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಯಾದಾಗ ಬಸ್ಸುಗಳು ಗಡಿಯ ಎರಡೂ ಕಡೆ ನಿಂತುಬಿಟ್ಟವು. ಅತ್ತಿಬೆಲೆಯಿಂದ ಜೂಜುವಾಡಿಗೆ ಜನ ಸಾಲುಸಾಲಾಗಿ ನಡೆದರು, ಸೂಟ್‌ಕೇಸ್ ಹೊತ್ತವರು, ಮಗು ಎತ್ತಿಕೊಂಡವರು. 2020ರ ಲಾಕ್‌ಡೌನ್‌ನಲ್ಲಿ ಅದೇ ಜಾಗದಲ್ಲಿ ಪೊಲೀಸರು, ಇ-ಪಾಸ್. ಅದುವರೆಗೆ ದಿನವೂ ದಾಟುತ್ತಿದ್ದ ಗೆರೆ ಅದು, ಯೋಚಿಸಿಯೂ ನೋಡಿರಲಿಲ್ಲ. ಬೆಳಗಾಗುವುದರೊಳಗೆ ಅದು ಗೋಡೆಯಾಯಿತು.

ಗಡಿಯಿಂದ ಹೊಟ್ಟೆ ಹೊರೆದುಕೊಳ್ಳುವವರೂ ಇದ್ದಾರೆ, ಅದನ್ನೂ ಹೇಳಬೇಕು. ದೀಪಾವಳಿ ಬಂದರೆ ಬೆಂಗಳೂರಿನವರು ಪಟಾಕಿಗೆ ಓಡುವುದು ಅತ್ತಿಬೆಲೆ, ಹೊಸೂರು ಕಡೆಗೆ. ಶಿವಕಾಶಿಯ ಸರಕು ಅದೇ ರಸ್ತೆಯಲ್ಲಿ ಬಂದು ಗಡಿಯ ಎರಡೂ ಕಡೆ ಇಳಿಯುತ್ತದೆ. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹಬ್ಬದ ಕೆಲಸಕ್ಕೆ ಆಚೆ ರಾಜ್ಯದಿಂದ ಬಂದಿದ್ದ ಹುಡುಗರು.

ರಾಜ್ಯದ ಗಡಿ ಇಲ್ಲದಿದ್ದರೆ ಎಲ್ಲ ಸರಿಯಾಗುತ್ತಿತ್ತಾ? ಹುಬ್ಬಳ್ಳಿ-ಧಾರವಾಡ ನೋಡಿದರೆ ಹಾಗೂ ಹೇಳಲಾಗುವುದಿಲ್ಲ. ಅಲ್ಲಿ ಕತೆ ಉಲ್ಟಾ. ನಡುವೆ ಸುಮಾರು 20 ಕಿಲೋಮೀಟರ್ ಇದ್ದಾಗಲೇ, 1962ರಲ್ಲಿ ಎರಡಕ್ಕೂ ಸೇರಿ ಒಂದು ಪಾಲಿಕೆ ಮಾಡಿದರು. ಊರು ಕೂಡುವ ಮೊದಲೇ ಕಚೇರಿ ಕೂಡಿತು. ನವನಗರ ಹುಟ್ಟಿದ್ದು ನಡುವಿನ ಬಯಲಿನಲ್ಲಿ. 2018ರಲ್ಲಿ ಚಿಗರಿ ಬಸ್ಸುಗಳು ಬೇರೆಯದೇ ಹಾದಿ ಪಡೆದು ಎರಡೂ ಊರಿನ ನಡುವೆ ಓಡತೊಡಗಿದವು. ಇಷ್ಟಾದರೂ ಧಾರವಾಡದ ಮಂದಿಗೆ ಸಮಾಧಾನ ಇರಲಿಲ್ಲ. ರೊಕ್ಕ ಎಲ್ಲಾ ಹುಬ್ಬಳ್ಳಿಗೆ ಹೋಗತದ ಅನ್ನುವುದು ಅಲ್ಲಿ ಹಳೇ ಸಿಟ್ಟು. 2025ರ ಜನವರಿಯಲ್ಲಿ ರಾಜ್ಯ ಸಂಪುಟ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಒಪ್ಪಿತು. ನೆಲದ ಮೇಲೆ ಊರು ಹತ್ತಿರವಾಗುತ್ತಾ ಬಂದ ಹೊತ್ತಿಗೆ ಕಾಗದದ ಮೇಲೆ ಬೇರೆಯಾಗಲು ಹೊರಟಿದೆ.

ಹೊಸೂರು ರಸ್ತೆಗೆ ವಾಪಸ್ ಬರೋಣ. ಅಲ್ಲಿ ಗಡಿಯ ಈಚೆಗೂ ಒಂದೇ ಆಡಳಿತ ಇಲ್ಲ. ಬೆಂಗಳೂರಿನ ಪಾಲಿಕೆ ವ್ಯಾಪ್ತಿ ಮುಗಿದರೆ ಎಲೆಕ್ಟ್ರಾನಿಕ್ ಸಿಟಿಗೆ ಅದರದೇ ಟೌನ್‌ಶಿಪ್ ಪ್ರಾಧಿಕಾರ. ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆಗೆ ಒಂದೊಂದು ಬೇರೆ ಸ್ಥಳೀಯ ಸಂಸ್ಥೆ. ಗಡಿ ದಾಟಿದರೆ 2019ರಲ್ಲಿ ಪಾಲಿಕೆಯಾದ ಹೊಸೂರು. ಒಂದು ಬಸ್ ಟಿಕೆಟ್ಟಿನ ದೂರದಲ್ಲಿ ಕಸ ಎತ್ತುವವರು, ಕಂದಾಯ ಕಟ್ಟಿಸಿಕೊಳ್ಳುವವರು ಅಷ್ಟು ಸಲ ಬದಲಾಗುತ್ತಾರೆ.

ನೀರಿನ ಕತೆಗಂತೂ ತಲೆಯೂ ಇಲ್ಲ ಬಾಲವೂ ಇಲ್ಲ. ಬೆಂಗಳೂರು ಕುಡಿಯುವುದು ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ. ಹೊಸೂರಿಗೆ ಬರುವುದು ಹೊಗೇನಕಲ್ ಯೋಜನೆಯ ಕಾವೇರಿ. ಒಂದೇ ನದಿ, ಎರಡು ರಾಜ್ಯದ ಎರಡು ಕೊಳವೆ. ನಡುವಿನ ಚಂದಾಪುರ, ಅತ್ತಿಬೆಲೆ ಕಡೆ ಬೋರ್‌ವೆಲ್ಲು, ಟ್ಯಾಂಕರ್ ನಂಬಿದವರೇ ಜಾಸ್ತಿ.

ಕುಡಿದ ಮೇಲೆ ಬಚ್ಚಲಿಗೆ ಹೋದ ನೀರಿಗೆ ಮಾತ್ರ ಇಂಥ ಭೇದ ಇಲ್ಲ. ಬೆಂಗಳೂರಿನ ಪೂರ್ವ ಭಾಗದ ಕೊಳಚೆ ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ನಂದಿಬೆಟ್ಟದ ಕಡೆ ಹುಟ್ಟಿ ಬರುವ ಈ ಹೊಳೆ ಗಡಿ ದಾಟಿ ಹೊಸೂರಿನ ಪಕ್ಕದ ಕೆಲವರಪಳ್ಳಿ ಜಲಾಶಯ ಮುಟ್ಟುತ್ತದೆ. ಆ ಕಡೆ ಅದಕ್ಕೆ ತೆನ್‌ಪೆಣ್ಣೈ ಅಂತ ಹೆಸರು. ಜೋರು ಮಳೆ ಬಂದು ಅಣೆಕಟ್ಟಿನ ಗೇಟು ತೆಗೆದಾಗ ಹೊಳೆ ತುಂಬ ಬಿಳಿ ನೊರೆ, ಸೇತುವೆ ಮುಚ್ಚುವಷ್ಟು. ನಾವು ಬಟ್ಟೆ ಒಗೆದ ಸೋಪು, ಪಾತ್ರೆ ತೊಳೆದ ಪುಡಿ ಅದರಲ್ಲಿ ಇಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. ಕೆಲವರಪಳ್ಳಿಯ ನೀರು ಕಾಲುವೆಯಲ್ಲಿ ಸುತ್ತಲಿನ ಹೊಲಗಳಿಗೆ ಹೋಗುತ್ತದೆ. ಹೊಸೂರು ಕಡೆಯ ಗುಲಾಬಿ, ಟೊಮೆಟೊ, ಸೊಪ್ಪು ರಾತ್ರಿ ಲಾರಿಗೆ ತುಂಬಿ, ಅತ್ತಿಬೆಲೆ ಟೋಲ್ ದಾಟಿ, ಬೆಳಗಿನ ಜಾವಕ್ಕೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿಯುತ್ತವೆ.